ಕೇತಮ್ಮ ಬಡಿಸಿದ ಕೋಳಿ

ಕಾಡ್ಗಿಚ್ಚಿಗೆ ಮನೆ ಸುಟ್ಟ ಮೇಲೆ ಕಾಡಂಚಿನ ಹಾಡಿಯ ಕೇತಮ್ಮ ಪರಿಹಾರ ಕೇಳಲು ಕಚೇರಿಗೆ ಹೋದಳು. ಕಂದಾಯ ನಿರೀಕ್ಷಕರು ತಲೆ ಎತ್ತಲಿಲ್ಲ.

"ಅಲ್ಲಿ ಮನೆಯೇ ಇರಲಿಲ್ಲ. ಬರೀ ಕಾಡು."

ಬೆಂಕಿ ಬೂದಿಯನ್ನಾದರೂ ಬಿಟ್ಟಿತ್ತು. ಈತ ಅದನ್ನೂ ಬಿಡಲಿಲ್ಲ.

"ಮೊನ್ನೆ ನಮ್ಮಲ್ಲಿ ಕೋಳಿ ಸಾರು ಉಂಡಿರಲ್ಲ, ಬುದ್ಧಿ?"

"ಉಂಡೆ. ಅದಕ್ಕೇನೀಗ?"

ಅವಳು ಪಕ್ಕದಲ್ಲಿ ಕೂತಿದ್ದ ಅರಣ್ಯಾಧಿಕಾರಿಯ ಕಡೆ ತಿರುಗಿದಳು. "ಮನೆಯೇ ಇಲ್ಲದ ಮೇಲೆ ಮನೆಕೋಳಿ ಎಲ್ಲಿಂದ ಬರಬೇಕು, ಸ್ವಾಮಿ? ಇವರು ಉಂಡದ್ದು ಕಾಡುಕೋಳಿ. ಬೇಯಿಸಿದವಳು ನಾನು. ಇಬ್ಬರನ್ನೂ ಜೈಲಿಗೆ ಹಾಕಿ. ಅಲ್ಲಾದರೂ ಸೂರಿದೆ."

ಅರಣ್ಯಾಧಿಕಾರಿ ಕನ್ನಡಕ ಹಾಕಿಕೊಂಡರು.

ನಿರೀಕ್ಷಕರು ಬಿಳುಚಿಕೊಂಡು ಎದ್ದೇ ನಿಂತರು. "ಅಯ್ಯೋ, ನಾಟಿ ಕೋಳಿ ಕಣ್ರೀ! ಇವಳ ಅಡುಗೆಮನೆ ಹಿಂದಿನ ಗೂಡಿಂದ ಹಿಡಿದದ್ದು! ನಾನೇ ಕಣ್ಣಾರೆ ನೋಡಿದ್ದೀನಿ!"

"ಹಾಗೇ ಬರಕೊಳ್ಳಿ, ಬುದ್ಧಿ," ಎಂದಳು ಕೇತಮ್ಮ. "ಅಡುಗೆಮನೆಯಿಂದಲೇ ಶುರುಮಾಡಿ."