ಸಾಹೇಬರು ಕೂತ ಹೊರಸು

“ತಾಯಿ, ತಿಂಗಳು ತಿಂಗಳೂ ಸರ್ಕಾರದ ದುಡ್ಡು ಬರುವವರಿಗೆ ಮತ್ತೆ ನೆರೆ ಪರಿಹಾರವನ್ನೂ ಕೊಡಬೇಕೇ?”

ಕೇಳಿದವನು ಗುರುಪಾದ, ಮಠದ ಶಿಷ್ಯ. ಹೊಳೆ ಇಳಿದು, ಊರು ಮನೆಯೊಳಗಿನ ಕೆಸರು ಬಳಿದು ಹೊರಹಾಕುತ್ತಿದ್ದ ದಿನಗಳು ಅವು. ಅಂದು ಮಧ್ಯಾಹ್ನ ಕೆಳಗೇರಿಯಲ್ಲಿ ಸಭೆಯಿತ್ತು. ಪರಿಹಾರ ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂದು ಹೇಳಲು ಮಠದ ಕಡೆಯಿಂದ ಒಬ್ಬರು ಬರಲಿ ಎಂದು ಅಧಿಕಾರಿಗಳು ಕೇಳಿಕೊಂಡಿದ್ದರು. ಗುರುಪಾದ ಹೋಗುವುದೆಂದು ಆಗಿತ್ತು. ಮಠದ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

ಕೇಳಿಸಿಕೊಂಡವಳು ಸಂಗವ್ವತಾಯಿ. ದಾಸೋಹದ ಅಡುಗೆಮನೆಯೇ ಅವಳ ಪೀಠ. ಶಾಲೆಯ ಕಟ್ಟೆ ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು. ಆದರೂ ಮಠದ ಶಿಷ್ಯರು ಶಾಸ್ತ್ರವನ್ನು ಸ್ವಾಮಿಗಳ ಹತ್ತಿರ ಕೇಳುತ್ತಿದ್ದರು, ಲೋಕವನ್ನು ಅವಳ ಹತ್ತಿರ ಕೇಳುತ್ತಿದ್ದರು.

“ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಿದ್ದೀ?” ಎಂದಳು.

“ಕೆಳಗೇರಿಯ ನಿಂಬೆವ್ವನನ್ನು. ಕಾಲು ಊನವೆಂದು ಅವಳಿಗೆ ಅಂಗವಿಕಲರ ಮಾಸಾಶನ ಬರುತ್ತದೆ. ಮೇಲೆ ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರ ಬೇರೆ ಇದೆ. ಮನೆ ಬಿದ್ದದ್ದು ನಿಜ. ಆದರೆ ಎರಡೂ ಕೈಯಲ್ಲಿ ಬಾಚಿಕೊಳ್ಳುವವಳ ಹೆಸರನ್ನು ಪಟ್ಟಿಯಿಂದ ಬಿಡಿಸಿದರೆ ನಿಜವಾದ ಬಡವರಿಗೆ ನ್ಯಾಯ ಆಗುವುದಿಲ್ಲವೇ?”

ಹೀಗೆ ಹೇಳಿ ಅವನು ತನ್ನ ಹೊಸ ಕಾವಿ ಅಂಗಿಯ ತೋಳು ಸರಿಮಾಡಿಕೊಂಡ.

ಸಂಗವ್ವತಾಯಿ ಹಿಟ್ಟಿನ ಕೈ ಒರೆಸಿಕೊಂಡಳು. ಬಾಗಿಲ ಕಡೆ ನೋಡಿದಳು. ದನಿ ತಗ್ಗಿಸಿದಳು.

“ಹತ್ತಿರ ಬಾ. ಇದನ್ನು ಯಾರ ಮುಂದಾದರೂ ಬಾಯಿಬಿಟ್ಟೀಯ, ಜೋಕೆ! ಕೊರಳ ಲಿಂಗ ಮುಟ್ಟಿ ಆಣೆ ಮಾಡು. ಹೆಸರು ಕೇಳಬೇಡ, ಊರು ಕೇಳಬೇಡ. ಹೇಳಿದರೆ ಸಂಜೆಯೊಳಗೆ ಹೊಳೆಯಾಚೆಗೂ ಸುದ್ದಿ ಮುಟ್ಟುತ್ತದೆ, ಮುಟ್ಟಿಸಿದವಳು ನಾನೇ ಅನ್ನುತ್ತಾರೆ. ನಾನೇನು ಕಣ್ಣಾರೆ ನೋಡಿದವಳಲ್ಲ. ಆದರೆ ನೋಡಿದವರಿಗಿಂತ ಚೆನ್ನಾಗಿ ಕೇಳಿಸಿಕೊಂಡವಳು.”

ಗುರುಪಾದ ಲಿಂಗ ಮುಟ್ಟಿ ಆಣೆ ಮಾಡಿದ. ಅವಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಹಾಲು ಮಾರುವ ಒಬ್ಬ ಹೆಂಗಸಿದ್ದಳು. ಮಗ್ಗುಲ ಮನೆಯಲ್ಲಿ ಹೊರಸು ಹೆಣೆಯುವವನೊಬ್ಬನಿದ್ದ. ಹಗ್ಗದ ಮಂಚಕ್ಕೆ ಆ ಕಡೆ ಹೊರಸು ಎನ್ನುತ್ತಾರೆ. ಎರಡು ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಇವಳು ಒಗ್ಗರಣೆ ಹಾಕಿದರೆ ಅವನು ಸೀನುತ್ತಿದ್ದ.

ಅವನಿಗೆ ಸೊಂಟದಿಂದ ಕೆಳಗೆ ಬಲವಿರಲಿಲ್ಲ. ಗಾಲಿ ಹಚ್ಚಿದ ಹಲಗೆಯ ಮೇಲೆ ಕೂತು, ನೆಲಕ್ಕೆ ಕೈಯೂರಿ ಸಾಗುತ್ತಿದ್ದ. ಹೊರಸಿಗೆ ಹಗ್ಗ ಬಿಗಿಯುವವರು ಎಳೆ ಜಾರದಂತೆ ಕಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ಇವನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದ. ಮುಂದಿನ ಹಲ್ಲುಗಳಲ್ಲಿ ಹಗ್ಗದ ಗೀರು ಬಿದ್ದಿತ್ತು. ಊರಿನಲ್ಲಿ ಅವನ ಹೊರಸಿಲ್ಲದ ಮನೆಯೇ ಇರಲಿಲ್ಲ.

ಆ ಊರಿನ ಜನ ಬೆಂಕಿಪೆಟ್ಟಿಗೆಯನ್ನೂ ಚೌಕಾಸಿ ಮಾಡದೆ ಕೊಳ್ಳುವವರಲ್ಲ. ಕುಂಬಾರ ಬಂದರೆ ಜಗಳ, ಬಳೆಗಾರ ಬಂದರೆ ಜಗಳ. ಆದರೆ ಹೊರಸಿನವನ ಹತ್ತಿರ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ‘ಪಾಪ’ ಎನ್ನುತ್ತಿದ್ದರು. ಕೈಗೆ ಬಂದಷ್ಟನ್ನು ಅವನ ಹಲಗೆಯ ಮೇಲಿಟ್ಟು ಹೊರಸು ಹೊತ್ತುಕೊಂಡು ಹೋಗುತ್ತಿದ್ದರು. ಕಾಲಿಲ್ಲದವನ ಹತ್ತಿರ ಬೆಲೆಯ ಮಾತೆತ್ತುವುದು ಪಾಪದ ಕೆಲಸ ಎಂದು ತಿಳಿದಿದ್ದರು. ಇಟ್ಟುಹೋದದ್ದನ್ನು ಧರ್ಮ ಎನ್ನುತ್ತಿದ್ದರು.

ಹಾಲಿನ ಹೆಂಗಸು ಹಾಗಲ್ಲ. ಅವಳ ನಾಲಿಗೆಗೆ ಧರ್ಮ, ಕರ್ಮ ಒಂದೂ ಅಡ್ಡ ಬರುತ್ತಿರಲಿಲ್ಲ. ಸೊಂಟಕ್ಕೆ ಕೈಯಿಟ್ಟು ಅವನೆದುರು ನಿಲ್ಲುವಳು. ಹಗ್ಗ ಒತ್ತಿ ನೋಡುವಳು. “ಏನೋ ಇದು, ಹೊರಸೋ ತೊಟ್ಟಿಲೋ? ಇಷ್ಟು ಸಡಿಲಕ್ಕೆ ಅಷ್ಟು ದುಡ್ಡೇ?” ಎನ್ನುವಳು. ಅವನೂ ಬಿಡುವವನಲ್ಲ. “ನಿನ್ನ ಹಾಲಿಗಿಂತ ಗಟ್ಟಿ ಇದೆ ಅಕ್ಕಾ” ಎನ್ನುವನು. ಬಿಸಿಲೇರುವ ತನಕ ಎಳೆದಾಡಿ ಇಬ್ಬರೂ ಒಂದು ಬೆಲೆಗೆ ಬರುತ್ತಿದ್ದರು. ಕೇಳಿದ ಓಣಿಯವರು ಅವಳನ್ನು ಕಲ್ಲುಮನಸ್ಸಿನವಳು ಎಂದು ಬೈಯುತ್ತಿದ್ದರು.

ಒಂದು ವರ್ಷ ಹೊಳೆ ಊರೊಳಗೆ ಬಂತು. ನೀರು ಇಳಿಯುವ ಹೊತ್ತಿಗೆ ಆ ನಡುಗೋಡೆ ಕುಸಿದು ಮಣ್ಣಾಗಿತ್ತು. ಇವಳ ಒಲೆ ಅವನಿಗೆ ಕಾಣುತ್ತಿತ್ತು, ಅವನ ಹಾಸಿಗೆ ಇವಳಿಗೆ ಕಾಣುತ್ತಿತ್ತು. ಸರ್ಕಾರ ಪರಿಹಾರ ಕೊಡುತ್ತೇನೆಂದಿತು. ಆದರೆ ಅದಕ್ಕೊಂದು ಮಿತಿ ಇತ್ತು. ವರ್ಷದ ಆದಾಯ ಆ ಮಿತಿ ದಾಟಿದ ಮನೆಗೆ ಪರಿಹಾರವಿಲ್ಲ.

ಸಭೆ ಸೇರಿತು. ಶಾಲೆಯ ಕುರ್ಚಿಗಳೆಲ್ಲ ನೀರುಪಾಲಾಗಿದ್ದವು. ಬೇವಿನ ಮರದ ಕೆಳಗೆ ಸಾಹೇಬರಿಗೆ ಒಂದು ಹೊರಸು ಹಾಕಿದರು. ಊರ ಹಿರಿಯರಿಗೂ ಹೊರಸು ಹಾಕಿದರು. ಉಳಿದವರು ನೆಲದ ಮೇಲೆ ಕೂತರು. ಹೊರಸಿನವನು ತನ್ನ ಹಲಗೆಯ ಮೇಲೆ ಒಂದು ಅಂಚಿನಲ್ಲಿದ್ದ.

ಸಾಹೇಬರು ಹಾಲಿನ ಹೆಂಗಸಿನ ಮನೆಯ ಹೆಸರು ಕೂಗಿದರು. ಡೈರಿಯಿಂದ ಬ್ಯಾಂಕಿಗೆ ಹಾಲಿನ ದುಡ್ಡು ಬರುತ್ತದೆ, ಆದಾಯ ಮಿತಿ ದಾಟಿದೆ, ಪರಿಹಾರವಿಲ್ಲ ಎಂದರು. ಹಿಂದೆಯೇ ಹೊರಸಿನವನ ಹೆಸರು ಕೂಗಿದರು. ಪರಿಹಾರ ಉಂಟು ಎಂದರು.

ಬಿದ್ದ ಗೋಡೆ ಒಂದೇ. ಆಚೆ ಮಗ್ಗುಲಿಗೆ ದುಡ್ಡು, ಈಚೆ ಮಗ್ಗುಲಿಗೆ ಮಣ್ಣು. ಹಾಲಿನ ಹೆಂಗಸು ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

“ನನಗೆ ಬ್ಯಾಂಕಿಗೆ ಬಂದರೆ ಆದಾಯ, ಅವನಿಗೆ ಬ್ಯಾಂಕಿಗೆ ಬಂದರೆ ಅಲ್ಲವೇ ಸಾಹೇಬರೇ? ಅವನಿಗೂ ತಿಂಗಳು ತಿಂಗಳೂ ಬರುತ್ತದೆ. ಕೇಳಿ ನೋಡಿ!”

“ಅದು ಗಳಿಕೆಯಲ್ಲಮ್ಮ, ಅಂಗವಿಕಲರ ಮಾಸಾಶನ” ಎಂದರು ಸಾಹೇಬರು. “ನೀನು ನಡೆದು ಹೋಗಿಬರುವ ಕಡೆಗೆ ಅವನು ಗಾಡಿಗೆ ದುಡ್ಡು ಕೊಟ್ಟು ಹೋಗಬೇಕು. ಅಂಥ ಖರ್ಚಿಗೆ ಸರ್ಕಾರ ಕೊಡುವ ಆಸರೆ ಅದು. ಅದನ್ನು ಆದಾಯಕ್ಕೆ ಸೇರಿಸುವಂತಿಲ್ಲ. ಬೇಕಾದರೆ ಅವನ ಕಾಲು ನೀನು ತೆಗೆದುಕೋ, ಮಾಸಾಶನ ನಿನಗೇ ಬರೆಯುತ್ತೇನೆ.”

ಸಭೆ ಗೊಳ್ಳೆಂದು ನಕ್ಕಿತು. ನಗಿಸಿಕೊಂಡು ಕೂರುವ ಹೆಂಗಸೇ ಅವಳು?

“ಹಾಗಾದರೆ ದುಡಿಮೆ? ಅದಾದರೂ ಆದಾಯ ಹೌದೋ ಅಲ್ಲವೋ? ಇವನು ದುಡಿಯುತ್ತಾನೆ! ಕಾಲಿದ್ದವರಿಗಿಂತ ಹೆಚ್ಚು ದುಡಿಯುತ್ತಾನೆ! ಇವನ ಕೈಕೆಲಸ ಇಲ್ಲದ ಒಂದು ಮನೆ ತೋರಿಸಿ ಈ ಊರಲ್ಲಿ!”

ನಗು ನಿಂತಿತು. ಎಲ್ಲರಿಗೂ ಗೊತ್ತಿದ್ದ ಮಾತು ಅದು. ಅಧಿಕಾರಿಗಳ ಮುಂದೆ ಯಾರೂ ಆಡದ ಮಾತೂ ಅದೇ. ಹಿರಿಯರೊಬ್ಬರು ಅವಸರದಿಂದ ಕೈಮುಗಿದರು. “ಇಲ್ಲ ಸಾಹೇಬರೇ, ಹೊತ್ತು ಹೋಗಲೆಂದು ಏನೋ ಹಗ್ಗ ಸುತ್ತುತ್ತಾನೆ. ಅವನ ಕೈಯಲ್ಲಿ ಏನಾಗುತ್ತದೆ, ಪಾಪ.” ಹೌದು ಹೌದು, ಪಾಪ, ಎಂದಿತು ಊರು.

ಸಾಹೇಬರು ಹೊರಸಿನವನ ಕಡೆ ತಿರುಗಿದರು. “ನೀನೇ ಹೇಳು. ದುಡಿಮೆ ಇದ್ದರೆ ಅದನ್ನು ಆದಾಯಕ್ಕೆ ಸೇರಿಸಲೇಬೇಕು. ಮಿತಿ ದಾಟಿದರೆ ಪರಿಹಾರ ತಪ್ಪುತ್ತದೆ. ದುಡಿಯುತ್ತೀಯಾ?”

ಅವನು ಇಲ್ಲವೆಂದು ತಲೆಯಾಡಿಸಿದ್ದರೆ ಸಾಕಿತ್ತು. ಇಡೀ ಊರು ಅವನ ಪರವಾಗಿ ಸಾಕ್ಷಿ ಹೇಳಿಯಾಗಿತ್ತು. ಮುಂದೆ ಚಳಿಗಾಲ, ಮನೆಗೆ ಗೋಡೆಯಿಲ್ಲ. ಇವನು ಈಗ ಸುಳ್ಳು ಹೇಳುತ್ತಾನೆ, ಹೇಳಿದ ಕೂಡಲೇ ಬಾಯಿ ತೆಗೆಯಬೇಕು ಎಂದು ಹಾಲಿನ ಹೆಂಗಸು ಗಂಟಲು ಸರಿಮಾಡಿಕೊಂಡು ನಿಂತಿದ್ದಳು.

ಅವನು ಹೇಳಿದ: “ಸಾಹೇಬರೇ, ನೀವು ಕೂತಿರುವುದು ನಾನು ಹೆಣೆದ ಹೊರಸು. ಹಿರಿಯರು ಕೂತಿರುವುದೂ ನನ್ನವೇ. ಹೊಳೆ ಬಂದ ದಿನ ಮುದುಕರನ್ನು, ಬಾಣಂತಿಯರನ್ನು ಹೊರಸಿನ ಮೇಲೆ ಮಲಗಿಸಿ, ಎದೆಮಟ್ಟದ ನೀರಿನಲ್ಲಿ ಹೆಗಲ ಮೇಲೆ ಹೊತ್ತು ದಿಬ್ಬಕ್ಕೆ ಸಾಗಿಸಿದರು. ಯಾರ ಹೊರಸಿನ ಹಗ್ಗವೂ ಜಾರಲಿಲ್ಲ. ನಾನು ದುಡಿಯುತ್ತೇನೆ. ಬರೆದುಕೊಳ್ಳಿ.”

ಸಾಹೇಬರು ಎದ್ದು ನಿಂತರು. ಯಾರೂ ಏಳಿ ಎಂದಿರಲಿಲ್ಲ. ಬಾಗಿ, ತಾವು ಕೂತಿದ್ದ ಜಾಗವನ್ನು ಅಂಗೈಯಿಂದ ಒತ್ತಿ ನೋಡಿದರು. ಅವರು ಎದ್ದದ್ದು ಕಂಡು ಹಿರಿಯರೂ ಒಬ್ಬೊಬ್ಬರಾಗಿ ಎದ್ದರು. ಬೇವಿನ ಕೆಳಗೆ ಹೊರಸುಗಳೆಲ್ಲ ಖಾಲಿಯಾಗಿ ನಿಂತವು. ಮತ್ತೆ ಕೂರುವ ಧೈರ್ಯ ಯಾರಿಗೂ ಆಗಲಿಲ್ಲ. ಕೂತಿದ್ದವನು ಅವನೊಬ್ಬನೇ.

ಹಾಲಿನ ಹೆಂಗಸಿನ ಅತ್ತೆಯೂ ಹಾಗೆ ಹೊರಸಿನ ಮೇಲೆಯೇ ದಿಬ್ಬ ಸೇರಿದ್ದಳು. ಅದು ಇವನು ಹೆಣೆದದ್ದೆಂದು ಗೊತ್ತಿದ್ದೂ ಆ ಗಳಿಗೆಯ ತನಕ ಅವಳು ಅದನ್ನು ನೆನೆದಿರಲಿಲ್ಲ. ಸಿಕ್ಕಿಸಿಕೊಂಡಿದ್ದ ಸೆರಗನ್ನು ಬಿಚ್ಚಿ ಇಳಿಬಿಟ್ಟಳು.

“ಇಲ್ಲಿದೆ ನೋಡು ಸ್ವಾರಸ್ಯ” ಎಂದಳು ಸಂಗವ್ವತಾಯಿ. ಮತ್ತೊಮ್ಮೆ ಬಾಗಿಲ ಕಡೆ ನೋಡಿ ಮುಂದುವರಿಸಿದಳು.

ದುಡಿಮೆ ಬರೆಯಬೇಕಾದರೆ ಗಳಿಕೆ ಎಷ್ಟೆಂದು ತಿಳಿಯಬೇಕು. ಒಂದು ಹೊರಸಿಗೆ ಏನು ಕೊಡುತ್ತೀರಿ ಎಂದು ಸಾಹೇಬರು ಊರನ್ನೇ ಕೇಳಿದರು. ಊರು ಬೇವಿನ ಎಲೆ ನೋಡಿತು. ಒಬ್ಬರು ಕೆಮ್ಮಿದರು. ಒಬ್ಬರಿಗೆ ಮನೆಯಲ್ಲಿ ಎಮ್ಮೆ ಬಿಚ್ಚಿಕೊಂಡದ್ದು ನೆನಪಾಯಿತು. ಕಡೆಗೆ ಹಾಲಿನ ಹೆಂಗಸೇ ತಾನು ಕೊಟ್ಟ ಬೆಲೆ ಹೇಳಿದಳು. ಜಗಳಾಡಿ, ಹಲ್ಲು ಕಚ್ಚಿ ಇಳಿಸಿದ ಬೆಲೆ ಅದು. ಉಳಿದವರು ಈಗ ಹೇಳಲೇಬೇಕಾಯಿತು. ಒಬ್ಬನು ಅದರ ಅರ್ಧ ಕೊಟ್ಟಿದ್ದ. ಒಬ್ಬನು ಒಂದು ಸೇರು ಜೋಳ ಹಾಕಿದ್ದ. ಊರ ಕಿರಾಣಿ ಅಂಗಡಿಯ ಸಾಹುಕಾರ ಉಟ್ಟು ಬಿಟ್ಟ ಧೋತರ ಕೊಟ್ಟು ಹೊರಸು ಹೊತ್ತುಕೊಂಡು ಹೋಗಿದ್ದ. ಕಲ್ಲುಮನಸ್ಸಿನವಳು ಕೊಟ್ಟಷ್ಟನ್ನು ‘ಪಾಪ’ ಎಂದವರು ಒಬ್ಬರೂ ಕೊಟ್ಟಿರಲಿಲ್ಲ.

ಸಾಹೇಬರು ಎಲ್ಲ ಕೂಡಿಸಿದರು. “ನಿನ್ನ ದುಡಿಮೆಯನ್ನು ಆದಾಯವೆಂದೇ ಸೇರಿಸಿದ್ದೇನೆ” ಎಂದರು ಹೊರಸಿನವನಿಗೆ. “ಆದರೂ ಮಿತಿಯ ಒಳಗಿದ್ದೀ. ಬಹಳ ಒಳಗಿದ್ದೀ.” ಹೇಳಿದ್ದು ಅವನಿಗೆ. ನೋಡಿದ್ದು ಊರನ್ನು.

ಪರಿಹಾರ ಅವನಿಗೆ ಉಳಿಯಿತು. ಹಾಲಿನ ಹೆಂಗಸಿಗೆ ಸಿಗಲಿಲ್ಲ. ಅವಳು ಯಾರ ಮುಖವನ್ನೂ ನೋಡದೆ ಮನೆಗೆ ಬಂದು ಒಲೆ ಹೊತ್ತಿಸಿದಳು. ಸ್ವಲ್ಪ ಹೊತ್ತಿಗೆ ಗಾಲಿಯ ಸದ್ದು ಕೇಳಿಸಿತು. ನಡುವೆ ಮರೆಯಾಗಲು ಗೋಡೆಯೇ ಇರಲಿಲ್ಲ. ಕುಸಿದ ಮಣ್ಣಿನ ಗುಡ್ಡೆಯ ಆಚೆ ಅವನು ಹಲಗೆ ನಿಲ್ಲಿಸಿದ. ಬೈಯುತ್ತಾನೆಂದು ಅವಳು ಸೌಟು ಹಿಡಿದುಕೊಂಡೇ ಎದ್ದು ನಿಂತಳು. ಬೈದರೆ ತಿರುಗಿ ಬೈಯಲು ಅವಳ ಹತ್ತಿರ ಮಾತುಗಳಿದ್ದವು.

ಅವನು ಬೈಯಲಿಲ್ಲ. ಅವಳ ಮುಖ ನೋಡಿ ಹೇಳಿದ:

“ಅಕ್ಕಾ, ನನ್ನ ಹೆಸರು ಉಳಿಸಬೇಕೆಂದವರೆಲ್ಲ ನನ್ನ ಕೈಯಲ್ಲಿ ಏನೂ ಆಗುವುದಿಲ್ಲ ಅಂದರು. ಅದನ್ನು ತೆಗೆಸಬೇಕೆಂದು ನಿಂತ ನೀನೊಬ್ಬಳೇ ನನ್ನನ್ನು ದುಡಿಯುವವನು ಅಂದೆ. ಗೋಡೆ ನಾನು ಎಬ್ಬಿಸುತ್ತೇನೆ. ನಿನ್ನ ಮಗ್ಗುಲಿಗೆ ಮಣ್ಣು ಮೆತ್ತಿದ್ದಕ್ಕೆ ಕೂಲಿ ಏನೆಂದು ಬಂದು ಜಗಳ ಆಡು.”

ಕತೆ ಅಲ್ಲಿಗೆ ನಿಂತಿತು. ಒಲೆಯ ಮೇಲಿನ ರೊಟ್ಟಿ ಉಬ್ಬಿ ಇಳಿಯಿತು. ಹೊರಗೆ ಸಭೆಗೆ ಹೊರಟವರ ಮಾತು ಕೇಳಿಸುತ್ತಿತ್ತು.

“ತಾಯಿ” ಎಂದ ಗುರುಪಾದ, “ಹಾಗಾದರೆ ನಿಂಬೆವ್ವನ ಬಗ್ಗೆ ಸಭೆಯಲ್ಲಿ ನಾನೇನು ಹೇಳಲಿ?”

ಸಂಗವ್ವತಾಯಿ ಕೈ ಚಾಚಿ ಅವನ ಹೊಸ ಅಂಗಿಯ ತೋಳು ಹಿಡಿದಳು. ಹೊಲಿಗೆಯನ್ನು ಎರಡೂ ಕಡೆಯಿಂದ ಜಗ್ಗಿ ನೋಡಿದಳು. ಒಂದು ದಾರವೂ ಬಿಡಲಿಲ್ಲ.

“ಮೊದಲು ನನಗೆ ಹೇಳು, ಇದನ್ನು ಹೊಲಿದುಕೊಟ್ಟ ನಿಂಬೆವ್ವನಿಗೆ ನೀನು ಎಷ್ಟು ಕೊಟ್ಟೆ?”