ಕರಡಿಯ ಎದೆಗೆ ಸುಣ್ಣ ಹತ್ತಿದ್ದು

ಕೂಸೇ, ಗುಡ್ಡದ ಬಂಡೆಗಳು ಇನ್ನೂ ಹಸಿ ಹಸಿಯಾಗಿದ್ದ ಕಾಲ ಅದು. ಕಾಲಿಟ್ಟರೆ ಹೆಜ್ಜೆ ಮೂಡುತ್ತಿತ್ತಂತೆ. ಆಗ ಕರಡಿ ಮೈಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ನಂಬದಿದ್ದರೆ ಬಿಡು, ನನ್ನ ಗಂಟೇನು ಹೋಗಲ್ಲ.

ಗುಡ್ಡದ ನೆತ್ತಿಯಲ್ಲಿ ಎರಡು ಜೇನುಹುಟ್ಟುಗಳಿದ್ದವು. ಗುಡ್ಡದ ಬುಡದಲ್ಲಿದ್ದ ದುರುಗವ್ವ ಅರ್ಧ ಜೇನು ಇಳಿಸಿಕೊಂಡು, ಇನ್ನರ್ಧ ಮರಿಗಳ ತಾಯಿ ಕರಡಿ ಕರಡೆವ್ವನಿಗೆ ಬಿಡುತ್ತಿದ್ದಳು. ಕರಡೆವ್ವನಿಗೆ ಮೂಗು ಚುರುಕು, ಕಣ್ಣು ಮಂದ. ಅದಕ್ಕೇ ದುರುಗವ್ವ ಹಾಡುತ್ತಾ ಹತ್ತುವಳು. ಹಾಡು ಕೇಳಿ ಕರಡೆವ್ವ ಮರಿಗಳನ್ನು ಕರೆದುಕೊಂಡು ಪಕ್ಕಕ್ಕೆ ಸರಿಯುವಳು.

ಒಂದು ಬೇಸಿಗೆ, ನೋಡಿದರೆ ಒಂದು ಹುಟ್ಟು ಬರಿದು! ಕರಡಿಯೇ ನೆಕ್ಕಿದ್ದಾಳೆ ಅಂತ ದುರುಗವ್ವನಿಗೆ ಅನುಮಾನ. ದುರುಗಿಯೇ ಕದ್ದಿದ್ದಾಳೆ ಅಂತ ಕರಡೆವ್ವನಿಗೆ ಅನುಮಾನ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಇಬ್ಬರೂ ಕೇಳಲಿಲ್ಲ.

ದುರುಗವ್ವ ಏನು ಮಾಡಿದಳು ಗೊತ್ತಾ? ಎಲೆಅಡಿಕೆ ಚೀಲದ ಸುಣ್ಣ ಕಲಸಿ, ಉಳಿದ ಹುಟ್ಟಿನ ಕೆಳಗಿನ ಬಂಡೆಗೆ ಬಳಿದು ಬಂದಳು. ಕಳ್ಳರು ಅಲ್ಲಿ ಎದೆ ಊರಲೇಬೇಕು, ಗುರುತು ಸಿಗುತ್ತದೆ ಅಂತ ಅವಳ ಲೆಕ್ಕ.

ಮಾರನೇ ದಿನ ಕಾಲ್ಗಡಗ ಬಿಚ್ಚಿಟ್ಟು, ಬಾಯಿ ಹೊಲಿದುಕೊಂಡವಳ ಹಾಗೆ ಸದ್ದಿಲ್ಲದೆ ಹತ್ತಿದಳು. ತನ್ನ ವಾಸನೆಯೂ ಮೇಲೆ ಹೋಗದಂತೆ ಗಾಳಿಗೆ ಎದುರಾಗಿಯೇ ನಡೆದಳು.

ಗಾಳಿಯಪ್ಪ ಅವಳ ಕಿವಿಯಲ್ಲಿ, "ತಂಗೀ, ಒಂದು ಸಲ ಕೆಮ್ಮು" ಅಂದ. ಇವನೂ ಕರಡಿ ಕಡೆಯವನೇ ಅಂದುಕೊಂಡಳು ಪುಣ್ಯಾತ್ಗಿತ್ತಿ.

ತಿರುವಿನಾಚೆ ಕರಡೆವ್ವ ಹುತ್ತದೊಳಗೆ ಮೂತಿ ತೂರಿಸಿ, ಬುಸಬುಸ ಊದುತ್ತಾ ಗೆದ್ದಲು ಹೀರುತ್ತಿದ್ದಳು. ಏನೂ ಕೇಳಿಸಲಿಲ್ಲ. ದುರುಗವ್ವ ತಾಯಿಗೂ ಮರಿಗಳಿಗೂ ನಟ್ಟನಡುವೆ ಕಾಲಿಟ್ಟುಬಿಟ್ಟಳು. ಮರಿ ಕಿರುಚಿತು. ಕರಡೆವ್ವ ದಡಕ್ಕನೆ ಹಿಂಗಾಲ ಮೇಲೆ ಎದ್ದು ನಿಂತಳು. ಎದೆ ಮೇಲೆ ಬೆಳ್ಳಗೆ ಸುಣ್ಣ!

ಸಿಕ್ಕಳು ಕಳ್ಳಿ ಅಂದುಕೊಳ್ಳುವಷ್ಟರಲ್ಲೇ ಭುಜಕ್ಕೆ ಪಂಜ ಬಿತ್ತು. ರಕ್ತ ಇಳಿಯಿತು. ಇನ್ನೊಂದು ಏಟು ಬಿದ್ದಿದ್ದರೆ ದುರುಗವ್ವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಓಡಲಿಲ್ಲ. ನಿಂತಲ್ಲೇ ನಿಂತು, "ಅಕ್ಕಾ, ನಾನು ದುರುಗಿ" ಅಂದಳು.

ದನಿ ಗುರುತು ಸಿಕ್ಕಿತು. ಎತ್ತಿದ ಪಂಜ ಹಾಗೇ ನಿಂತಿತು. ನೀನು ಕಳ್ಳಿ ಅಂತ ದುರುಗವ್ವ ಅಳುತ್ತಾ ಎದೆಯ ಸುಣ್ಣ ತೋರಿಸಿದಳು. ಕದಿಯೋಕೆ ಬರೋ ನಿನ್ನನ್ನು ಹಿಡಿಯೋದಕ್ಕೇ ಆ ಬಂಡೆಗೆ ಎದೆಯೂರಿ ಕಾದಿದ್ದೆ ಅಂತ ಕರಡೆವ್ವ ಗುರುಗುಟ್ಟಿದಳು. ಆಮೇಲೆ ದುರುಗವ್ವನ ಬೆರಳು ಮೂಸಿ ಅಂದಳು: "ಸುಣ್ಣ ನಿನ್ನ ಕೈಯಲ್ಲೂ ಇದೆಯಲ್ಲ, ತಂಗಿ."

ದುರುಗವ್ವ ತಲೆ ತಗ್ಗಿಸಿದಳು. ಆಗ ಗಾಳಿಯಪ್ಪ ಹೇಳಿದ, ಗುಡ್ಡದಲ್ಲಿ ಹೂವೆಲ್ಲ ಒಣಗಿದ್ದಕ್ಕೆ ಹುಳಗಳೇ ಜೇನು ಕುಡಿದು ಹೊಳೆ ಕಡೆ ಹಾರಿಹೋದವು ಅಂತ. ಇಬ್ಬರಿಗೂ ನಾಚಿಕೆಯಾಯಿತು. ಆದರೆ ಮುತ್ತು ಒಡೆದರೂ ಮನಸ್ಸು ಒಡೆದರೂ ಮತ್ತೆ ಕೂಡದು ಅಂತಾರಲ್ಲ. ಕರಡೆವ್ವ ಮರಿಗಳನ್ನು ಬೆನ್ನಿಗೇರಿಸಿಕೊಂಡು, ತಿರುಗಿ ತಿರುಗಿ ನೋಡುತ್ತಾ ಹೊರಟುಹೋದಳು.

ಅದಕ್ಕೇ ಕೂಸೇ, ಇವತ್ತಿಗೂ ಕರಡಿಯ ಎದೆ ಮೇಲೆ ಬಿಳಿ ಗೆರೆ, ಬೆನ್ನ ಮೇಲೆ ಮರಿ. ಅದಕ್ಕೇ ನಿಮ್ಮಪ್ಪ ಸೀತಾಫಲಕ್ಕೆ ಅಂತ ಗುಡ್ಡ ಹತ್ತುವಾಗ ಪ್ರತಿ ತಿರುವಿನಲ್ಲೂ ಬಂಡೆಗೆ ಕೋಲು ಕುಟ್ಟಿ, "ಅಕ್ಕಾ, ನಾನು ಬರ್ತಿದೀನಿ" ಅಂತ ಕೂಗೋದು.