ಗೀಜಗನ ಜಾಹೀರಾತು

ಗೀಜಗಗಳಲ್ಲಿ ಗೂಡು ಕಟ್ಟಿದ ಗಂಡೇ ಅದರ ಜಾಹೀರಾತನ್ನೂ ಕೂಗಿ ಹೆಣ್ಣನ್ನು ಕರೆಯಬೇಕು. ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಸೊಗಸಾದ ಗೂಡು ಕಟ್ಟಿದ್ದ ಒಬ್ಬ ಗೀಜಗನಿಗೆ ಕೂಗುವ ಹೊತ್ತಿಗೆ ಏನಾಯಿತು, ಊಹಿಸಿ ನೋಡೋಣ? ಗಂಟಲು ಕಟ್ಟಿತೆಂದಿರಾ? ಗಂಟಲು ಚೆನ್ನಾಗಿಯೇ ಇತ್ತು ಸ್ವಾಮಿ, ಮಾತೇ ಹೊಳೆಯಲಿಲ್ಲ! "ಕನಸಿನ ಅರಮನೆ" ಎನ್ನೋಣವೆಂದರೆ ಪಕ್ಕದ ಕೊಂಬೆಯವನು ಆಗಲೇ ಅಂದುಬಿಟ್ಟಿದ್ದ. "ಸ್ವರ್ಗಕ್ಕೆ ಮೂರೇ ಗೇಣು" ಎಂದು ಆಚೆಯವನು ಕೂಗುತ್ತಿದ್ದ. ಇಡೀ ಮರವೇ ತಲೆದೂಗುವಂಥ ಮಾತು ಬರಲೆಂದು ಇವನು ಕಾಯುತ್ತ ಕೂತ. ಇತ್ತ ಗೂಡಿನ ಹಸಿರು ಹುಲ್ಲು ಒಣಗತೊಡಗಿತು. ಒಣಗಿದ ಗೂಡನ್ನು ಯಾವ ಹೆಣ್ಣೂ ಒಪ್ಪುವುದಿಲ್ಲ.

ಅಷ್ಟರಲ್ಲಿ ಒಬ್ಬಳು ಬಂದು ಗೂಡನ್ನು ಕೊಕ್ಕಿನಿಂದ ಜಗ್ಗಿ, "ಇದೇನಯ್ಯಾ, ಬಾಗಿಲ ಕೊಳವೆ ಇಷ್ಟುದ್ದ? ಹುಲ್ಲು ಮಿಕ್ಕಿತ್ತೇ?" ಎಂದಳು.

ಗೀಜಗನಿಗೆ ರೇಗಿತು. "ಮಿಕ್ಕಿದ್ದಲ್ಲ ಕಣೇ! ಹೋದ ವರ್ಷ ಹಾವು ಇದೇ ಮರ ಹತ್ತಿ ಮೊಟ್ಟೆ ನುಂಗಿದ್ದನ್ನು ಕಣ್ಣಾರೆ ಕಂಡೆ. ಈ ಕೊಳವೆಗೆ ತಲೆ ಹಾಕಿದರೆ ಅದು ಜಾರಿ ಬಾವಿಗೇ ಬೀಳಬೇಕು. ನೀನು ಮರಿಗಳ ಜೊತೆ ನಿಶ್ಚಿಂತೆಯಾಗಿ ನಿದ್ದೆ ಮಾಡಬಹುದು!"

"ಇಷ್ಟು ಚೆಂದದ ಮಾತು ಇಟ್ಟುಕೊಂಡು ಬೆಳಗಿನಿಂದ ಸುಮ್ಮನೆ ಕೂತಿದ್ದೆಯಾ, ಪೆದ್ದ?"

"ಇಡೀ ಮರಕ್ಕೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ."

"ಸಂಸಾರಕ್ಕೆ ಮರ ಬರುತ್ತದೆಯೇ? ಬರುವವಳು ನಾನೊಬ್ಬಳು," ಎಂದವಳೇ ಕೊಳವೆಯೊಳಗೆ ನುಸುಳಿದಳು.

ಆಷಾಢದಲ್ಲಿ ಗೃಹಪ್ರವೇಶವೇ ಎಂದು ಮೂಗು ಮುರಿಯಬೇಡಿ. ಅವಳು ಒಳಹೊಕ್ಕಿದ್ದು ಆಷಾಢ ಶುದ್ಧ ಪಂಚಮಿ, ಅದೂ ಮಂಗಳವಾರ; ಗೀಜಗನ ಪಂಚಾಂಗದಲ್ಲಿ ಮಳೆಗಾಲವೆಲ್ಲ ಒಳ್ಳೆಯ ಮುಹೂರ್ತವೇ.